ತೊಟ್ಟೆ ಕೊಳ್ಳುವ ಮೊದಲು ಈ ಲೆಕ್ಕ ಕಲಿತುಕೊಳ್ಳಿ

"ಕೆಜಿಗೆ ಎಷ್ಟು?" ಚಿಪ್ಸ್ ಮಾಡುವವರು, ಮಾಂಬಳ ಮಾಡುವವರು, ಗೇರುಬೀಜ ಹುರಿದು ಮಾರುವವರು, ಹೊಸದಾಗಿ ಕುಡುಂಬಶ್ರೀ (ಕೇರಳದ ಮಹಿಳಾ ಸ್ವಸಹಾಯ ಸಂಘಗಳ ಯೋಜನೆ) ಘಟಕ ಶುರು ಮಾಡಿದ ಅಕ್ಕಂದಿರು, ಎಲ್ಲರೂ ನನ್ನ ಹತ್ತಿರ ಮೊದಲು ಕೇಳುವುದು ಇದನ್ನೇ. ನಾನು ಪ್ಯಾಕಿಂಗ್ ಫಿಲ್ಮಿಗೆ ಪ್ರಿಂಟಿಂಗ್, ಲ್ಯಾಮಿನೇಶನ್ (ಎರಡು ಮೂರು ಪದರ ಸೇರಿಸಿ ಅಂಟಿಸುವುದು) ಮಾಡಿ ಪೌಚ್ ತಯಾರಿಸುವ ಕಡೆ ಕೆಲಸ ಮಾಡುವವನು. ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಅದು ಒಬ್ಬರಿಂದ ಒಬ್ಬರಿಗೆ ಗೊತ್ತಾಗಿದೆ. ಹಾಗಾಗಿ ಯಾರಿಗೆ ತೊಟ್ಟೆ, ಅಂದರೆ ತಿಂಡಿ ತುಂಬುವ ಪ್ಲಾಸ್ಟಿಕ್ ಪೌಚ್, ಬೇಕಾದರೂ ಒಂದು ಫೋನ್ ಬರುತ್ತದೆ.

ಫಿಲ್ಮಿನ ವ್ಯಾಪಾರದಲ್ಲಿ ಕೆಜಿ ರೇಟು ಒಂದನ್ನೇ ಕೇಳಿದರೆ ಏನೂ ಗೊತ್ತಾಗುವುದಿಲ್ಲ. ನಿಮಗೆ ಬೇಕಾಗಿರುವುದು ಕೆಜಿ ಅಲ್ಲ, ತೊಟ್ಟೆ. ತೊಟ್ಟೆ ಅಂದರೆ ಇಷ್ಟು ಅಗಲ, ಇಷ್ಟು ಉದ್ದದ ಹಾಳೆ. ಮಾರುವವರು ತೂಕದಲ್ಲಿ ಮಾರುತ್ತಾರೆ, ನೀವು ಬಳಸುವುದು ವಿಸ್ತೀರ್ಣದಲ್ಲಿ. ಈ ಎರಡರ ನಡುವಿನ ಲೆಕ್ಕ ಗೊತ್ತಿಲ್ಲದೆ ಎಷ್ಟೋ ಜನ ಕಷ್ಟಪಟ್ಟು ದುಡಿದ ಹಣ ಕಳೆದುಕೊಳ್ಳುವುದನ್ನು ನೋಡಿ ನೋಡಿ ಸಾಕಾಗಿದೆ. ಲೆಕ್ಕ ಕಷ್ಟದ್ದೇನಲ್ಲ, ಗುಣಾಕಾರ ಭಾಗಾಕಾರ ಬಂದರೆ ಸಾಕು. ಅದಕ್ಕೇ ಇವತ್ತು ಪೂರ್ತಿಯಾಗಿ ಬರೆಯುತ್ತಿದ್ದೇನೆ.

ಮೊದಲು ದಪ್ಪ. ಫಿಲ್ಮಿನ ದಪ್ಪವನ್ನು ಮೈಕ್ರಾನಿನಲ್ಲಿ ಹೇಳುತ್ತಾರೆ. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಒಂದು ಭಾಗ ಒಂದು ಮೈಕ್ರಾನ್. ಹಳೆಯ ಅಂಗಡಿಯವರು ಇನ್ನೂ ಗೇಜ್ ಅಂತಾರೆ. 100 ಗೇಜ್ ಅಂದರೆ 25.4 ಮೈಕ್ರಾನ್. ಬಾಯಿಲೆಕ್ಕಕ್ಕೆ ನಾಲ್ಕು ಗೇಜಿಗೆ ಒಂದು ಮೈಕ್ರಾನ್ ಅಂತ ಇಟ್ಟುಕೊಂಡರೆ ಸಾಕು, 200 ಗೇಜ್ ಅಂದರೆ 50 ಮೈಕ್ರಾನ್ ಹತ್ತಿರ. ಅವರು ಹೇಳಿದ್ದು ಒಂದು ಪದರದ ದಪ್ಪವೋ, ತೊಟ್ಟೆಯ ಎರಡೂ ಬದಿ ಸೇರಿಸಿದ್ದೋ ಅಂತ ಬಾಯಿಬಿಟ್ಟು ಕೇಳಿ. ಅಲ್ಲೇ ಅರ್ಧಕ್ಕರ್ಧ ವ್ಯತ್ಯಾಸ ಬಂದುಬಿಡಬಹುದು.

ಇನ್ನು ಸಾಂದ್ರತೆ, ಅಂದರೆ ಒಂದು ಘನ ಸೆಂಟಿಮೀಟರ್ ವಸ್ತು ಎಷ್ಟು ಗ್ರಾಂ ತೂಗುತ್ತದೆ ಅನ್ನುವುದು. ಹೆಚ್ಚಿನವರು ಬಿಟ್ಟುಬಿಡುವುದು ಇದನ್ನೇ. ಒಂದೇ ದಪ್ಪದ ಎರಡು ಬೇರೆ ಫಿಲ್ಮುಗಳ ತೂಕ ಒಂದೇ ಇರುವುದಿಲ್ಲ. ಬಿಒಪಿಪಿಯ (ಉದ್ದ, ಅಗಲ ಎರಡೂ ಕಡೆಗೆ ಎಳೆದು ಮಾಡಿದ ಪಾಲಿಪ್ರೊಪಿಲೀನ್ ಫಿಲ್ಮ್) ಸಾಂದ್ರತೆ 0.905. ನಾವು ಎಲ್‌ಡಿ ಅನ್ನುವ ಪಾಲಿಥೀನ್ 0.92. ಪಾಲಿಯೆಸ್ಟರ್, ಅಂದರೆ ಪೆಟ್, 1.4. ನೈಲಾನ್ 1.15. ಅಲ್ಯೂಮಿನಿಯಂ ಫಾಯಿಲ್ 2.7. ಈ ಐದು ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದು ಅಂಗಡಿಯ ಗೋಡೆಗೆ ಅಂಟಿಸಿಕೊಳ್ಳಿ. ಇವು ಊರಿಂದ ಊರಿಗೆ, ಕಂಪನಿಯಿಂದ ಕಂಪನಿಗೆ ಹೆಚ್ಚು ಬದಲಾಗುವುದಿಲ್ಲ.

ಈಗ ಮೈಕ್ರಾನನ್ನು ಸಾಂದ್ರತೆಯಿಂದ ಗುಣಿಸಿ. ಬರುವುದೇ ಜಿಎಸ್‌ಎಂ, ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಅಂಕಿ. 12 ಮೈಕ್ರಾನ್ ಪೆಟ್ ಆದರೆ 12 × 1.4, ಅಂದರೆ 16.8 ಗ್ರಾಂ. 20 ಮೈಕ್ರಾನ್ ಬಿಒಪಿಪಿ 18.1. ದಪ್ಪದಲ್ಲಿ ಎಷ್ಟು ಅಂತರ, ತೂಕದಲ್ಲಿ ಎಷ್ಟು ಕಡಿಮೆ ಅಂತರ, ನೋಡಿದ್ರಾ? 50 ಮೈಕ್ರಾನ್ ಎಲ್‌ಡಿ 46 ಗ್ರಾಂ. 9 ಮೈಕ್ರಾನ್ ಫಾಯಿಲ್ ನೋಡಲು ಏನೂ ಇಲ್ಲದ ಹಾಗೆ ಇರುತ್ತದೆ, ಆದರೆ 24.3 ಗ್ರಾಂ ತೂಗುತ್ತದೆ. 1000ವನ್ನು ಜಿಎಸ್‌ಎಂನಿಂದ ಭಾಗಿಸಿದರೆ ಒಂದು ಕೆಜಿಗೆ ಎಷ್ಟು ಚದರ ಮೀಟರ್ ಸಿಗುತ್ತದೆ ಅಂತ ಬರುತ್ತದೆ. 12 ಮೈಕ್ರಾನ್ ಪೆಟ್ ಕೆಜಿಗೆ 59.5 ಚದರ ಮೀಟರ್, 50 ಮೈಕ್ರಾನ್ ಎಲ್‌ಡಿ ಬರೀ 21.7. ಪೆಟ್ ಕೆಜಿಗೆ ದುಬಾರಿ ಅಂತ ಹೆದರುವವರು ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ಐಸ್‌ಕ್ಯಾಂಡಿಯ ಮೇಲೆ ಬರುವ ಬಿಳಿ ಮುತ್ತಿನ ಹೊಳಪಿನ ಫಿಲ್ಮ್ ಇದೆಯಲ್ಲ, ಅದೂ ಬಿಒಪಿಪಿಯೇ. ಆದರೆ ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗಾಳಿ ಗೂಡುಗಳಿರುತ್ತವೆ, ಹಾಗಾಗಿ ಸಾಂದ್ರತೆ 0.7ರ ಆಸುಪಾಸಿಗೆ ಇಳಿಯುತ್ತದೆ. 30 ಮೈಕ್ರಾನಿನ ಸಾದಾ ಬಿಒಪಿಪಿ 27 ಗ್ರಾಂ ತೂಗಿದರೆ ಇದು 21 ಗ್ರಾಂ. ಕೈಗೆ ದಪ್ಪ, ತಕ್ಕಡಿಗೆ ಹಗುರ.

ಹೇಳಿದ ಜಿಎಸ್‌ಎಂ ನಿಜವೋ ಅಲ್ಲವೋ ಅಂತ ನಾವೇ ನೋಡಬಹುದಾ ಅಂತ ಕೇಳ್ತೀರಿ. ಖಂಡಿತ ನೋಡಬಹುದು. ನೀರ್ಚಾಲಿನ ಕಡೆಯ ಒಬ್ಬರು ಅಕ್ಕ ಬಾಳೆಕಾಯಿ ಚಿಪ್ಸಿಗೆ ಅಂತ ಎರಡು ಕಡೆಯಿಂದ ಸ್ಯಾಂಪಲ್ ತರಿಸಿದ್ದರು. ಒಂದನ್ನು ಹಿಡಿದು, "ಇದು ನೋಡಿ ಅಣ್ಣ, ಎಷ್ಟು ಗಟ್ಟಿ ಉಂಟು, ಪರಪರ ಅಂತದೆ. ಆ ಇನ್ನೊಂದು ಮೆತ್ತಗೆ, ನೀರಿನ ಬಟ್ಟೆಯ ಹಾಗೆ," ಅಂದರು. ಗಟ್ಟಿಯಾದದ್ದೇ ದಪ್ಪ ಅಂತ ಅವರ ಲೆಕ್ಕ. ನಾವು ಅದನ್ನು ತೆಗೆದುಕೊಂಡು ಪೇಟೆಯಲ್ಲಿ ಪರಿಚಯದ ಚಿನ್ನದ ಅಂಗಡಿಗೆ ಹೋದೆವು, ಯಾಕೆಂದರೆ ಅಷ್ಟು ಸಣ್ಣ ತೂಕ ತೋರಿಸುವ ತಕ್ಕಡಿ ಇರುವುದು ಅಲ್ಲೇ. ಗಾಜಿನ ಮೇಲೆ ತೊಟ್ಟೆ ಬಿಡಿಸಿ ಹರಡಿ, ಸ್ಟೀಲ್ ಸ್ಕೇಲ್ ಒತ್ತಿ ಹಿಡಿದು, ಹೊಸ ಬ್ಲೇಡಿನಲ್ಲಿ 10 ಸೆಂಟಿಮೀಟರ್ ಚೌಕದ ತುಂಡುಗಳನ್ನು ಕತ್ತರಿಸಿದೆ. ಸೀಲ್ ಆದ ಅಂಚು ಸೇರಬಾರದು, ಅಲ್ಲಿ ಎರಡೆರಡು ಪದರ ಇರುತ್ತದೆ. ಒಂದೊಂದು ಸ್ಯಾಂಪಲಿನಿಂದ ಹತ್ತು ತುಂಡು. ಹತ್ತು ತುಂಡು ಸೇರಿದರೆ 0.1 ಚದರ ಮೀಟರ್, ಹಾಗಾಗಿ ತಕ್ಕಡಿ ತೋರಿಸಿದ ಗ್ರಾಮನ್ನು ಹತ್ತರಿಂದ ಗುಣಿಸಿದರೆ ಅದೇ ಜಿಎಸ್‌ಎಂ. ಪರಪರ ಅನ್ನುವುದು 7.1 ಗ್ರಾಂ ತೂಗಿತು, ಮೆತ್ತಗಿನದ್ದು 8.5. ಅಂದರೆ 71 ಮತ್ತು 85. ಅಕ್ಕ ತಕ್ಕಡಿಯನ್ನೇ ನೋಡುತ್ತಾ ನಿಂತುಬಿಟ್ಟರು.

ಕೈಗೆ ಗಟ್ಟಿ ಅನ್ನಿಸುವುದು, ಪರಪರ ಅನ್ನುವುದು ಪೆಟ್ ಮತ್ತು ಬಿಒಪಿಪಿಯ ಗುಣ. ಒಳಗಿನ ಎಲ್‌ಡಿ ಪದರ ಮೆತ್ತಗೆ. ಆದರೆ ತೊಟ್ಟೆಯ ಬಾಯಿ ಭದ್ರವಾಗಿ ಅಂಟುವುದು, ಚಿಪ್ಸಿನ ಚೂಪು ಅಂಚು ಚುಚ್ಚಿದಾಗ ತಡೆದುಕೊಳ್ಳುವುದು ಅದೇ ಎಲ್‌ಡಿ. ದುಡ್ಡು ಉಳಿಸಲು ಹೊರಟವರು ಮೊದಲು ಕತ್ತರಿ ಹಾಕುವುದೂ ಅದಕ್ಕೇ. ಕೈಯಲ್ಲಿ ಮುಟ್ಟಿ ನೋಡಿ ತೀರ್ಮಾನ ಮಾಡಬೇಡಿ ಅಂತ ನಾನು ಪದೇ ಪದೇ ಹೇಳುವುದು ಇದಕ್ಕಾಗಿ.

ಹಾಗಾದರೆ ಇಷ್ಟೆಲ್ಲ ಪದರ ಯಾಕೆ? ಒಂದೇ ದಪ್ಪ ಪಾಲಿಥೀನ್ ಸಾಲದಾ? ನಮ್ಮ ಊರಿನ ಹವೆಯಲ್ಲಿ ಸಾಲದು. ಕಾಸರಗೋಡಿನಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ದಾಟಿ ಮಳೆ, ಆಟಿ ತಿಂಗಳಲ್ಲಿ, ಅಂದರೆ ಜೋರು ಮಳೆಗಾಲದಲ್ಲಿ, ಗೋಡೆ ಕೂಡ ಬೆವರುತ್ತದೆ. ಚಿಪ್ಸಿಗೆ ಎರಡು ಶತ್ರು. ನೀರಿನ ಆವಿ ಒಳಗೆ ಬಂದರೆ ಮೆತ್ತಗಾಗುತ್ತದೆ, ಆಮ್ಲಜನಕ ಬಂದರೆ ಎಣ್ಣೆ ಕಮಟು ವಾಸನೆ ಹೊಡೆಯುತ್ತದೆ. ಬೆಳಕು ಬಿದ್ದರೆ ಆ ಕಮಟು ಇನ್ನೂ ಬೇಗ. ಎಲ್‌ಡಿ, ಬಿಒಪಿಪಿ ಎರಡೂ ನೀರಿನ ಆವಿಯನ್ನು ಒಂದು ಮಟ್ಟಿಗೆ ತಡೆಯುತ್ತವೆ, ಆದರೆ ಆಮ್ಲಜನಕವನ್ನು ಸರಾಗವಾಗಿ ಬಿಡುತ್ತವೆ. ನೈಲಾನ್ ಇದಕ್ಕೆ ಉಲ್ಟಾ, ಆಮ್ಲಜನಕ ತಡೆಯುತ್ತದೆ, ತೇವಕ್ಕೆ ಸೋಲುತ್ತದೆ. ಎಲ್ಲವನ್ನೂ ಒಬ್ಬನೇ ಮಾಡುವ ಫಿಲ್ಮ್ ಇಲ್ಲದ ಕಾರಣ ಎರಡು ಮೂರನ್ನು ಅಂಟಿಸಿ ಒಂದು ಮಾಡುತ್ತೇವೆ.

ಇದರಲ್ಲಿ ನನಗೆ ಇವತ್ತಿಗೂ ಬೆರಗು ಹುಟ್ಟಿಸುವುದು ಮೆಟಲೈಸ್ಡ್ ಫಿಲ್ಮ್. ನಿರ್ವಾತದಲ್ಲಿ ಅಲ್ಯೂಮಿನಿಯಂ ಕಾಯಿಸಿ ಆವಿ ಮಾಡಿ, ಓಡುತ್ತಿರುವ ಫಿಲ್ಮಿನ ಮೇಲೆ ಕೂರಿಸುತ್ತಾರೆ. ಆ ಪದರದ ದಪ್ಪ ಒಂದು ಮೈಕ್ರಾನಿನ ಹತ್ತನೇ ಒಂದು ಭಾಗಕ್ಕಿಂತಲೂ ಕಡಿಮೆ. ತೂಕದ ಲೆಕ್ಕಕ್ಕೇ ಬರುವುದಿಲ್ಲ. ಆದರೆ ಕೆಲಸ ನೋಡಿ: 38 ಡಿಗ್ರಿ ಬಿಸಿ, 90 ಶೇಕಡಾ ತೇವದಲ್ಲಿ 12 ಮೈಕ್ರಾನಿನ ಸಾದಾ ಪೆಟ್ ಮೂಲಕ ಒಂದು ಚದರ ಮೀಟರಿಗೆ ದಿನಕ್ಕೆ ಸುಮಾರು 40 ಗ್ರಾಂ ನೀರಿನ ಆವಿ ದಾಟುತ್ತದೆ, ಅದೇ ಫಿಲ್ಮಿಗೆ ಮೆಟಲೈಸ್ ಮಾಡಿದರೆ ಅದು 1 ಗ್ರಾಮಿನ ಆಸುಪಾಸಿಗೆ ಇಳಿಯುತ್ತದೆ. ತೂಕ ಏರಿಸದೆ ಇಷ್ಟು ರಕ್ಷಣೆ ಕೊಡುವ ವಸ್ತು ಬೇರೆ ಕಡಿಮೆ. ಫಾಯಿಲ್ ಇದಕ್ಕಿಂತಲೂ ಒಳ್ಳೆಯದು, ನಿಜ. ನಮ್ಮ ಕಾಸರಗೋಡಿನ ಸಿಪಿಸಿಆರ್‌ಐನವರು (ತೋಟದ ಬೆಳೆಗಳ ಕೇಂದ್ರ ಸಂಶೋಧನಾ ಸಂಸ್ಥೆ) ತೆಂಗಿನಕಾಯಿ ಚಿಪ್ಸ್ ಮಾಡುವ ಕ್ರಮ ಹೇಳಿಕೊಡುವಾಗ ಅಲ್ಯೂಮಿನಿಯಂ ಲ್ಯಾಮಿನೇಟ್ ಪೌಚನ್ನೇ ಹೇಳುತ್ತಾರೆ. ಆದರೆ ಫಾಯಿಲ್ ಮಡಚಿದ ಕಡೆ ಸಣ್ಣ ಸಣ್ಣ ತೂತು ಬೀಳುತ್ತದೆ, ತೂಕವೂ ಜಾಸ್ತಿ, ಬೆಲೆಯೂ ಜಾಸ್ತಿ. ಮೂರು ತಿಂಗಳೊಳಗೆ ಮಾರಿ ಮುಗಿಯುವ ಬಾಳೆಕಾಯಿ ಚಿಪ್ಸಿಗೆ ಮೆಟಲೈಸ್ಡ್ ಸಾಕು ಅಂತ ನನ್ನ ಅಭಿಪ್ರಾಯ.

ಈಗ ಒಂದು ಪೂರ್ತಿ ಲೆಕ್ಕ ಮಾಡೋಣ. ಪೆನ್ನು ಹಿಡಿದುಕೊಂಡೇ ಓದಿ.

ಹೊರಗೆ 20 ಮೈಕ್ರಾನ್ ಬಿಒಪಿಪಿ, ನಡುವೆ 12 ಮೈಕ್ರಾನ್ ಮೆಟ್ ಪೆಟ್ (ಮೆಟಲೈಸ್ ಮಾಡಿದ ಪೆಟ್), ಒಳಗೆ 50 ಮೈಕ್ರಾನ್ ಎಲ್‌ಡಿ. ಬಿಒಪಿಪಿ 18.1 ಗ್ರಾಂ. ಅದರ ಒಳಮೈಗೆ ಪ್ರಿಂಟಿಂಗ್, ಒಣಗಿದ ಇಂಕು 1.5 ಗ್ರಾಂ ಅಂತ ಇಟ್ಟುಕೊಳ್ಳಿ. ಇಂಕು ಹೀಗೆ ಎರಡು ಪದರದ ನಡುವೆಯೇ ಇರಬೇಕು, ಅದು ತಿನ್ನುವ ವಸ್ತುವಿಗೆ ತಾಗಬಾರದು, ಕೈಯ ಬೆವರಿಗೂ ಸಿಗಬಾರದು. ಆಮೇಲೆ ಅಂಟು 1.5 ಗ್ರಾಂ, ಮೆಟ್ ಪೆಟ್ 16.8, ಮತ್ತೆ ಅಂಟು 1.5, ಕೊನೆಗೆ ಎಲ್‌ಡಿ 46. ಈ 1.5 ಅನ್ನುವುದು ಸಾಲ್ವೆಂಟ್ (ಕರಗಿಸುವ ದ್ರಾವಕ) ಇಲ್ಲದ ಅಂಟಿಗೆ. ಸಾಲ್ವೆಂಟ್ ಅಂಟಾದರೆ ಒಣಗಿದ ಮೇಲೂ ಸುಮಾರು 3 ಗ್ರಾಂ ಹಿಡಿಯುತ್ತದೆ. ಎಲ್ಲ ಕೂಡಿಸಿ: 85.4 ಗ್ರಾಂ.

ತೊಟ್ಟೆಯ ಅಳತೆ 170 ಮಿಲಿಮೀಟರ್ ಅಗಲ, 250 ಎತ್ತರ, ಹಿಂದೆ ನಡುವಿನಲ್ಲಿ ಸೀಲ್. ಬಿಡಿಸಿದರೆ ಎರಡು ಬದಿಗೆ 340, ನಡುವಿನ ಸೀಲಿಗೆ ಎರಡು ಕಡೆ 10 ಸೇರಿ 360 ಮಿಲಿಮೀಟರ್. 0.36 × 0.25, ಅಂದರೆ 0.09 ಚದರ ಮೀಟರ್. ಅದನ್ನು 85.4ರಿಂದ ಗುಣಿಸಿದರೆ ಒಂದು ತೊಟ್ಟೆ 7.69 ಗ್ರಾಂ. ಕೆಜಿಗೆ 130 ತೊಟ್ಟೆ. ಹತ್ತು ಸಾವಿರ ತೊಟ್ಟೆಗೆ 900 ಚದರ ಮೀಟರ್ ಬೇಕು, ಅದರಲ್ಲಿ ಬಿಒಪಿಪಿ 16.3 ಕೆಜಿ, ಮೆಟ್ ಪೆಟ್ 15.1, ಎಲ್‌ಡಿ 41.4, ಇಂಕು 1.35, ಅಂಟು 2.7, ಒಟ್ಟು 76.9 ಕೆಜಿ. ಅರ್ಧಕ್ಕಿಂತ ಜಾಸ್ತಿ ತೂಕ ಎಲ್‌ಡಿಯದ್ದೇ. ತೊಟ್ಟೆಯ ಬೆಲೆ ಪಾಲಿಥೀನ್ ಬೆಲೆಯ ಹಿಂದೆ ಹಿಂದೆ ಯಾಕೆ ಓಡುತ್ತದೆ ಅಂತ ಈಗ ಗೊತ್ತಾಯ್ತಲ್ಲ.

ಈಗ ಕೆಜಿ ರೇಟಿಗೆ ಬರೋಣ. ಒಬ್ಬರು ಕೆಜಿಗೆ 280 ರೂಪಾಯಿ ಹೇಳಿದರು, ಇನ್ನೊಬ್ಬರು 300 ಅಂದರು ಅಂತಿಟ್ಟುಕೊಳ್ಳಿ. ಎಲ್ಲರೂ 280ರ ಕಡೆಗೇ ಓಡುತ್ತಾರೆ. ಆದರೆ 280ರವರದ್ದು ಮೇಲೆ ಹೇಳಿದ 85.4 ಜಿಎಸ್‌ಎಂ, 300ರವರದ್ದು ಎಲ್‌ಡಿ 40 ಮೈಕ್ರಾನ್, ಒಟ್ಟು 76.2 ಜಿಎಸ್‌ಎಂ. ತೊಟ್ಟೆ ಲೆಕ್ಕದಲ್ಲಿ ಮೊದಲನೆಯದು 2 ರೂಪಾಯಿ 15 ಪೈಸೆ, ಎರಡನೆಯದು 2 ರೂಪಾಯಿ 6 ಪೈಸೆ. ಕೆಜಿಗೆ ಅಗ್ಗ ಇದ್ದದ್ದು ತೊಟ್ಟೆಗೆ ದುಬಾರಿ ಬಿತ್ತು. 40 ಮೈಕ್ರಾನ್ ನಿಮ್ಮ ಚಿಪ್ಸಿಗೆ ಸಾಕಾ ಅನ್ನುವುದು ಬೇರೆ ಪ್ರಶ್ನೆ, ಅದನ್ನು ತುಂಬಿಸಿ, ಒತ್ತಿ, ಬೀಳಿಸಿ ನೋಡಿಯೇ ಹೇಳಬೇಕು. ಆದರೆ ಎರಡು ರೇಟನ್ನು ಪಕ್ಕದಲ್ಲಿಟ್ಟು ನೋಡುವಾಗ ಜಿಎಸ್‌ಎಂ ಇಲ್ಲದೆ ನೋಡಿದರೆ ಪ್ರಯೋಜನವೇ ಇಲ್ಲ.

ಇದರ ಇನ್ನೊಂದು ಮುಖ ಇದೆ, ಇದನ್ನು ಗಮನ ಇಟ್ಟು ಓದಿ. ಕೆಜಿ ಲೆಕ್ಕದಲ್ಲಿ ಕೊಂಡರೆ ಫಿಲ್ಮ್ ಹೇಳಿದ್ದಕ್ಕಿಂತ ಸ್ವಲ್ಪ ದಪ್ಪ ಬಂದರೆ ಲಾಭ ಮಾರಿದವರಿಗೆ, ನಿಮಗೆ ತೊಟ್ಟೆಗಳ ಸಂಖ್ಯೆ ಕಡಿಮೆ. ಎಣಿಕೆಯ ಲೆಕ್ಕದಲ್ಲಿ ಕೊಂಡರೆ ತೆಳ್ಳಗೆ ಬಂದರೆ ಲಾಭ ಅವರಿಗೆ, ನಿಮಗೆ ಬಲ ಕಡಿಮೆ. ಮೋಸ ಅಂತಲೇ ಹೇಳಬೇಕಾಗಿಲ್ಲ. ಫಿಲ್ಮ್ ತೆಗೆಯುವಾಗಲೇ ಅಲ್ಲಲ್ಲಿ ದಪ್ಪ ಏರಿಳಿತ ಇರುತ್ತದೆ, ಆರ್ಡರಿನಲ್ಲಿ ಐದು ಶೇಕಡಾ ಆಚೀಚೆ ಅಂತ ಒಪ್ಪಿಕೊಳ್ಳುವುದು ರೂಢಿ. ಆದರೆ ಪ್ರತಿ ಸಲವೂ ಒಂದೇ ಕಡೆಗೆ ಐದು ಬರುತ್ತಿದ್ದರೆ ಕೇಳಬೇಕು. ಕೇಳಬೇಕಾದರೆ ಆರ್ಡರಿನಲ್ಲಿ ಬರೆದಿರಬೇಕು: ಪ್ರತಿ ಪದರದ ಮೈಕ್ರಾನ್, ಒಟ್ಟು ಜಿಎಸ್‌ಎಂ, ಆಚೀಚೆ ಎಷ್ಟು, ಕೆಜಿಗೆ ಎಷ್ಟು ತೊಟ್ಟೆ. "ಒಳ್ಳೆ ಕ್ವಾಲಿಟಿ" ಅಂತ ಬರೆದ ಕೊಟೇಶನ್ನುಗಳನ್ನು ಎಷ್ಟೋ ನೋಡಿದ್ದೇನೆ, ಅದನ್ನು ಹಿಡಿದು ಯಾರ ಹತ್ತಿರವೂ ಜಗಳ ಮಾಡಲು ಆಗುವುದಿಲ್ಲ.

ಅಳತೆಯ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಎತ್ತರ 250ರ ಬದಲು 240 ಮಾಡಿದರೆ ತೊಟ್ಟೆ 7.69ರಿಂದ 7.38 ಗ್ರಾಮಿಗೆ ಇಳಿಯುತ್ತದೆ. ಒಂದು ಲಕ್ಷ ತೊಟ್ಟೆಗೆ 30 ಕೆಜಿ ಫಿಲ್ಮ್ ಉಳಿಯಿತು. ಅಂಗಡಿಗಳಲ್ಲಿ ತೂಗಾಡುವ ಎಷ್ಟೋ ಪ್ಯಾಕೆಟುಗಳ ಮೇಲಿನ ಕಾಲು ಭಾಗ ಸುಮ್ನೆ ಖಾಲಿ. ಚಿಪ್ಸ್ ಪುಡಿಯಾಗದಿರಲು ಗಾಳಿಯೋ ನೈಟ್ರೋಜನ್ನೋ ಬೇಕು, ಸರಿ. ಆದರೆ ಎಷ್ಟು ಬೇಕು ಅಂತ ಒಮ್ಮೆ ತುಂಬಿಸಿ ನೋಡಿಯೇ ಅಳತೆ ತೀರ್ಮಾನ ಮಾಡಿ.

ಸಣ್ಣವರಿಗೆ ಪ್ರಿಂಟ್ ತೊಟ್ಟೆ ಯಾಕೆ ಇಷ್ಟು ದುಬಾರಿ ಅನ್ನುವುದಕ್ಕೂ ಲೆಕ್ಕದಲ್ಲೇ ಉತ್ತರ ಇದೆ. ಗ್ರೇವರ್ ಪ್ರಿಂಟಿಂಗಿನಲ್ಲಿ ಒಂದು ಬಣ್ಣಕ್ಕೆ ಒಂದು ಸಿಲಿಂಡರ್. ಉಕ್ಕಿನ ಮೇಲೆ ತಾಮ್ರ ಕೂರಿಸಿ, ಅದರಲ್ಲಿ ಚಿತ್ರ ಕೊರೆದು, ಮೇಲೆ ಕ್ರೋಮ್ ಲೇಪ ಕೊಡುತ್ತಾರೆ. ಐದು ಬಣ್ಣ ಅಂದರೆ ಐದು ಸಿಲಿಂಡರ್, ನೀವು ಹತ್ತು ಸಾವಿರ ಹೊಡೆಸಿದರೂ ಹತ್ತು ಲಕ್ಷ ಹೊಡೆಸಿದರೂ ಆ ಖರ್ಚು ಅಷ್ಟೇ. ಅದು ಎಲ್ಲರಿಗೂ ಗೊತ್ತಿರುವ ಖರ್ಚು. ಕಣ್ಣಿಗೆ ಬೀಳದ ಖರ್ಚು ಸೆಟ್ಟಿಂಗಿನದ್ದು. ಮೆಷಿನ್ ಶುರು ಮಾಡಿ ಐದೂ ಬಣ್ಣ ಒಂದರ ಮೇಲೊಂದು ಸರಿಯಾಗಿ ಕೂರುವ ತನಕ ಫಿಲ್ಮ್ ಓಡುತ್ತಲೇ ಇರುತ್ತದೆ, ಅದೆಲ್ಲ ವೇಸ್ಟ್. 300 ಮೀಟರ್ ಹೋಯಿತು ಅಂತ ಇಟ್ಟುಕೊಳ್ಳಿ. ನಮ್ಮ ತೊಟ್ಟೆಯನ್ನು ಪಕ್ಕಪಕ್ಕ ಎರಡು ಹೊಡೆದರೆ 720 ಮಿಲಿಮೀಟರ್, ಅಂಚು ಕತ್ತರಿಸಲು 20 ಸೇರಿ 740 ಅಗಲದ ರೀಲ್ ಬೇಕು. ಹತ್ತು ಸಾವಿರ ತೊಟ್ಟೆಗೆ ಓಡುವುದು 1250 ಮೀಟರ್ ಮಾತ್ರ. ಅದರ ಮೇಲೆ 300 ಮೀಟರ್ ವೇಸ್ಟ್ ಅಂದರೆ 24 ಶೇಕಡಾ! ಒಂದು ಲಕ್ಷ ತೊಟ್ಟೆಯಾದರೆ 12,500 ಮೀಟರ್ ಓಡುತ್ತದೆ, ಅದೇ 300 ಮೀಟರ್ ಬರೀ 2.4 ಶೇಕಡಾ ಆಗುತ್ತದೆ. ಸಣ್ಣ ಆರ್ಡರಿಗೆ ಜಾಸ್ತಿ ರೇಟು ಹೇಳಿದರೆ ಎಲ್ಲ ಸಲವೂ ಅದು ದುರಾಸೆ ಅಲ್ಲ.

ವೇಸ್ಟ್ ಎಲ್ಲಿ ಆಗುತ್ತದೆ ಅನ್ನುವುದೂ ಮುಖ್ಯ. ಪ್ರಿಂಟಿಂಗಿನಲ್ಲಿ 100 ಮೀಟರ್ ಹಾಳಾದರೆ ಹೋಗುವುದು ಬಿಒಪಿಪಿ ಮತ್ತು ಇಂಕು, 740 ಅಗಲಕ್ಕೆ ಒಂದೂವರೆ ಕೆಜಿ ಹತ್ತಿರ. ಅದೇ 100 ಮೀಟರ್ ಪೌಚಿಂಗಿನಲ್ಲಿ ಹಾಳಾದರೆ ಮೂರೂ ಪದರ ಸೇರಿ 6.3 ಕೆಜಿ. ಪ್ರಿಂಟಿಂಗ್ ತಪ್ಪನ್ನು ಅಲ್ಲೇ ಹಿಡಿಯುವ ಹುಡುಗನಿಗೆ ನಮ್ಮಲ್ಲಿ ಬೆಲೆ ಇರುವುದು ಅದಕ್ಕೇ. ಅವನ ಕಣ್ಣು ತಪ್ಪಿ ಮುಂದೆ ಹೋದ ಪ್ರತಿ ಮೀಟರಿನ ಬೆಲೆ ಆಮೇಲೆ ನಾಲ್ಕು ಪಟ್ಟು.

ಹಾಗಾದರೆ ಸಣ್ಣವರು ಏನು ಮಾಡಬೇಕು? ನಾನು ಹೇಳುವುದು ಇಷ್ಟು. ಮೊದಲ ವರ್ಷ ಪ್ರಿಂಟಿನ ಆಸೆ ಬಿಡಿ. ಸಾದಾ ಮೆಟಲೈಸ್ಡ್ ಪೌಚ್ ತೆಗೆದುಕೊಂಡು ಒಳ್ಳೆಯ ಸ್ಟಿಕ್ಕರ್ ಹಾಕಿ. ಅಷ್ಟರಲ್ಲಿ ಯಾವ ಅಳತೆ ಓಡುತ್ತದೆ, ಎಷ್ಟು ದಿನ ಇಡಬೇಕಾಗುತ್ತದೆ ಅಂತ ಗೊತ್ತಾಗುತ್ತದೆ. ಆಮೇಲೆ ಪ್ರಿಂಟ್ ಬೇಕೇ ಬೇಕು ಅಂದರೆ ನಾಲ್ಕೈದು ಘಟಕದವರು ಸೇರಿ ಒಂದೇ ಅಳತೆ, ಒಂದೇ ಚಿತ್ರ ಮಾಡಿಸಿ, ಹೆಸರು, ವಸ್ತು, ತಾರೀಕು ಬರೆಯುವ ಜಾಗ ಬಿಳಿ ಬಿಟ್ಟು, ಅಲ್ಲಿ ಅವರವರ ಸ್ಟಿಕ್ಕರ್ ಹಾಕಿಕೊಳ್ಳಬಹುದು. ಸಿಲಿಂಡರ್ ಖರ್ಚು ಹಂಚಿಹೋಗುತ್ತದೆ, ಓಡುವ ಮೀಟರ್ ಏರುತ್ತದೆ, ವೇಸ್ಟ್ ಶೇಕಡಾ ಇಳಿಯುತ್ತದೆ. ನಮ್ಮ ಕಡೆಯ ಒಂದೊಂದು ಪಂಚಾಯತಿನಲ್ಲೂ ಇಷ್ಟೊಂದು ಘಟಕ ಇರುವಾಗ ಇದು ಯಾಕೆ ಆಗಬಾರದು ಅಂತ ನನಗೆ ಅರ್ಥವಾಗುವುದಿಲ್ಲ.

ಪೌಚ್ ಅಲ್ಲ, ರೋಲ್ ತೆಗೆದುಕೊಂಡು ತುಂಬಿಸುವ ಮೆಷಿನ್ ಹಾಕಿದವರಿಗೆ ಇನ್ನೊಂದು ಲೆಕ್ಕ. ರೋಲಿನಲ್ಲಿ ಎಷ್ಟು ಮೀಟರ್ ಇದೆ ಅಂತ ಬಿಚ್ಚದೆಯೇ ತಿಳಿಯಬಹುದು. ರೋಲಿನ ವ್ಯಾಸದ ವರ್ಗದಿಂದ ಕೋರಿನ (ಫಿಲ್ಮ್ ಸುತ್ತಿದ ನಡುವಿನ ಕೊಳವೆ) ಹೊರ ವ್ಯಾಸದ ವರ್ಗ ಕಳೆಯಿರಿ, 0.785ರಿಂದ ಗುಣಿಸಿ, ಫಿಲ್ಮಿನ ಒಟ್ಟು ದಪ್ಪದಿಂದ ಭಾಗಿಸಿ. ಎಲ್ಲವೂ ಮೀಟರಿನಲ್ಲಿರಬೇಕು. ನಮ್ಮ ಫಿಲ್ಮ್ ಅಂಟು, ಇಂಕು ಸೇರಿ ಸುಮಾರು 85 ಮೈಕ್ರಾನ್. ರೋಲ್ 400 ಮಿಲಿಮೀಟರ್, ಕೋರ್ 92 ಇದ್ದರೆ 1400 ಮೀಟರ್ ಬರುತ್ತದೆ. 360 ಅಗಲಕ್ಕೆ 43 ಕೆಜಿ, ತೊಟ್ಟೆ 5600. ತಕ್ಕಡಿಯಲ್ಲಿ 43 ಬದಲು 44 ತೋರಿಸಿದರೆ ಆ ಹೆಚ್ಚಿನ ತೂಕ ರಟ್ಟಿನ ಕೋರಿನದ್ದೋ ನೋಡಿ. ಕೋರಿನ ತೂಕ ಕಳೆದ ಮೇಲೆ ಬಿಲ್ ಆಗಬೇಕು. ಫಿಲ್ಮಿನ ರೇಟಿನಲ್ಲಿ ರಟ್ಟು ಕೊಳ್ಳುವುದು ಬೇಡ ಅಲ್ವಾ.

ಕಾನೂನಿನ ವಿಷಯದಲ್ಲಿ ಬಹಳ ಗೊಂದಲ ಇದೆ. 120 ಮೈಕ್ರಾನಿಗಿಂತ ಕಡಿಮೆ ಇದ್ದರೆ ಚಿಪ್ಸ್ ಪೌಚ್ ಮಾರಬಾರದಂತೆ ಹೌದಾ ಅಂತ ಹೆದರಿ ಕೇಳುವವರಿದ್ದಾರೆ. ಆ ಅಂಕಿ ಕೈಚೀಲಗಳದ್ದು. 2016ರ ಪ್ಲಾಸ್ಟಿಕ್ ತ್ಯಾಜ್ಯ ನಿಯಮದಲ್ಲಿ ಅದು 50 ಮೈಕ್ರಾನ್ ಇತ್ತು, 2021ರ ಸೆಪ್ಟೆಂಬರ್ 30ರಿಂದ 75 ಆಯಿತು, 2022ರ ಡಿಸೆಂಬರ್ 31ರಿಂದ 120. ಕೇರಳದಲ್ಲಂತೂ 2020ರ ಜನವರಿಯಿಂದಲೇ ಒಂದು ಸಲ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ ನಿಷೇಧ ಬಂತು. ತಯಾರಾದ ತಿಂಡಿಯನ್ನು ತುಂಬಿಸಿ ಸೀಲ್ ಮಾಡಿ ಮಾರುವ ಬಹುಪದರದ ಪೌಚಿಗೆ ಆ 120ರ ನಿಯಮ ಅಲ್ಲ. ಹೆದರಿ ಸುಮ್ನೆ ದಪ್ಪ ಏರಿಸಿ ದುಡ್ಡು ಕಳೆಯಬೇಡಿ.

ಆದರೆ ತೊಟ್ಟೆ ಖಾಲಿಯಾದ ಮೇಲೆ ಏನಾಗುತ್ತದೆ ಅನ್ನುವುದನ್ನು ನಾವು ಈ ಕೆಲಸದವರು ಯೋಚಿಸಲೇಬೇಕು. ನಮ್ಮ ಮನೆಗೂ ಹರಿತ ಕರ್ಮ ಸೇನೆಯ (ಕೇರಳದಲ್ಲಿ ಮನೆ ಮನೆಯಿಂದ ಒಣಕಸ ಸಂಗ್ರಹಿಸುವ ತಂಡ) ಹೆಂಗಸರು ಬರುತ್ತಾರೆ, ತೊಳೆದು ಒಣಗಿಸಿಟ್ಟ ಪ್ಲಾಸ್ಟಿಕ್ ಕೊಂಡೊಯ್ಯುತ್ತಾರೆ. ಹಾಲಿನ ತೊಟ್ಟೆ ಬರೀ ಪಾಲಿಥೀನ್, ಅದನ್ನು ಕರಗಿಸಿ ಮತ್ತೆ ಬಳಸಬಹುದು. ನಾನು ಮೇಲೆ ಲೆಕ್ಕ ಮಾಡಿ ತೋರಿಸಿದ ಮೂರು ಪದರದ ತೊಟ್ಟೆ ಹಾಗಲ್ಲ. ಪೆಟ್ ಕರಗುವ ಬಿಸಿಗೂ ಎಲ್‌ಡಿ ಕರಗುವ ಬಿಸಿಗೂ ನೂರು ಡಿಗ್ರಿಗಿಂತ ಹೆಚ್ಚು ಅಂತರ, ನಾವು ಬಿಡಿಸಲಾಗದ ಹಾಗೆ ಅಂಟಿಸಿಬಿಟ್ಟಿದ್ದೇವೆ. 2022ರ ಫೆಬ್ರವರಿಯಲ್ಲಿ ಬಂದ ಉತ್ಪಾದಕರ ಹೊಣೆಗಾರಿಕೆಯ ನಿಯಮಗಳಲ್ಲೂ ಪ್ಲಾಸ್ಟಿಕ್ ಜೊತೆ ಫಾಯಿಲ್, ಕಾಗದದಂಥ ಬೇರೆ ವಸ್ತು ಸೇರಿದ ಪ್ಯಾಕಿಂಗನ್ನು ಮೂರನೇ ವರ್ಗ ಅಂತ ಬೇರೆಯೇ ಇಟ್ಟಿದ್ದಾರೆ. ಆ ಹೆಂಗಸರು ಅದನ್ನೂ ಮನೆ ಮನೆಯಿಂದ ಹೊತ್ತು ತಂದು ವಿಂಗಡಿಸಿ ಕೂರಬೇಕು. ಬೇಡದ ಕಡೆಗೆ ಇಷ್ಟು ಪದರ ಹಾಕಿ ಕೊಡುವುದು ನನಗೆ ಮನಸ್ಸಿಗೆ ಒಗ್ಗುವುದಿಲ್ಲ.

ಹಲಸಿನ ಹಪ್ಪಳವನ್ನೇ ನೋಡಿ. ಅದು ಹುರಿದದ್ದಲ್ಲ, ಎಣ್ಣೆ ಕಮಟುವ ಪ್ರಶ್ನೆ ಇಲ್ಲ. ಅದಕ್ಕೆ ಬೇಕಾಗಿರುವುದು ತೇವ ತಡೆಯುವುದು, ಇರುವೆ ಹೊಗದ ಹಾಗೆ ಬಾಯಿ ಭದ್ರ ಇರುವುದು. ಆದರೂ ಹೊಳಪು ಚೆಂದ ಅಂತ ಮೆಟಲೈಸ್ಡ್ ಕೇಳುತ್ತಾರೆ. ಅದರ ಬದಲು 25 ಮೈಕ್ರಾನ್ ಬಿಒಪಿಪಿ, ಒಳಗೆ 30 ಮೈಕ್ರಾನ್ ಸಿಪಿಪಿ ಹಾಕಿದರೆ? ಸಿಪಿಪಿ ಅಂದರೆ ಎಳೆಯದೆ ಮಾಡಿದ ಪಾಲಿಪ್ರೊಪಿಲೀನ್ ಫಿಲ್ಮ್, ಅದರ ಸಾಂದ್ರತೆ 0.9. ಹಾಗಾಗಿ 22.6 ಮತ್ತು 27, ಇಂಕು ಅಂಟು 3, ಒಟ್ಟು 52.6 ಗ್ರಾಂ. ಅದೇ ಅಳತೆಯ ತೊಟ್ಟೆ 7.69 ಬದಲು 4.73 ಗ್ರಾಂ, ಕೆಜಿಗೆ 211 ತೊಟ್ಟೆ. ಎರಡೂ ಪದರ ಪಾಲಿಪ್ರೊಪಿಲೀನ್ ಕುಟುಂಬದ್ದೇ, ಹಾಗಾಗಿ ಒಟ್ಟಿಗೆ ಕರಗಿಸಬಹುದು. ಒಳಗಿನ ಹಪ್ಪಳವೂ ಗಿರಾಕಿಗೆ ಕಾಣುತ್ತದೆ.

ಪೆರ್ಲದ ಕಡೆಯ ಒಂದು ಗುಂಪಿನವರು ಇದಕ್ಕೆ ಒಪ್ಪಿದ್ದಾರೆ. ಎರಡೂ ಬಗೆಯ ತೊಟ್ಟೆಯಲ್ಲಿ ಹಪ್ಪಳ ತುಂಬಿಸಿ, ಒಂದೊಂದನ್ನೂ ತೂಗಿ, ತೂಕವನ್ನು ಮೇಲೆಯೇ ಬರೆದು ಅಟ್ಟದಲ್ಲಿ ಇಟ್ಟಿದ್ದೇವೆ. ಆಟಿ ಕಳೆದ ಮೇಲೆ ಮತ್ತೆ ತೂಗಿದರೆ ಯಾವುದಕ್ಕೆ ಎಷ್ಟು ತೇವ ಹೊಕ್ಕಿದೆ ಅಂತ ಗ್ರಾಮಿನಲ್ಲೇ ಗೊತ್ತಾಗುತ್ತದೆ. ಅಂಕಿ ಸಿಕ್ಕಿದ ಕೂಡಲೇ ಇಲ್ಲೇ ಹಾಕುತ್ತೇನೆ.